ಕ್ಲೋನಜೆಪಾಮ್ ಬಿಡುವಾಗ ನಿದ್ದೆ ಕೆಟ್ಟ ರಾತ್ರಿಗಳು: ನನ್ನ ಅನುಭವ

ನಾನು ಬಳ್ಳಾರಿಯವನು. ಜೀನ್ಸ್ ಹೊಲಿಯುವ ಯೂನಿಟ್ ಒಂದರಲ್ಲಿ ಕಟಿಂಗ್ ಮಾಸ್ಟರ್. ಎದೆ ಡವಡವ ಹೊಡೆದುಕೊಂಡು ಇನ್ನೇನು ಜೀವ ಹೋಗುತ್ತೆ ಅನ್ನಿಸುವ ಪ್ಯಾನಿಕ್ ಕಾಯಿಲೆಗೆ ನನಗೆ ಎರಡು ಮಾತ್ರೆ ಬರೆದಿದ್ದರು. ಬೆಳಿಗ್ಗೆ ಎಸಿಟಾಲೋಪ್ರಾಮ್ 10 ಮಿ.ಗ್ರಾಂ, ರಾತ್ರಿ ಕ್ಲೋನಜೆಪಾಮ್ 1 ಮಿ.ಗ್ರಾಂ. ರಾತ್ರಿಯದ್ದು ಕೆಲವು ವಾರಕ್ಕೆ ಮಾತ್ರ ಅಂತ ಶುರುವಾದದ್ದು, ಚೀಟಿ ಮೇಲೆ ಚೀಟಿ ಬದಲಾಗುತ್ತಾ ವರ್ಷಗಟ್ಟಲೆ ನಡೆಯಿತು. ಪ್ಯಾನಿಕ್ ನಿಂತು ಎಷ್ಟೋ ಕಾಲವಾದರೂ ಮಾತ್ರೆ ಮಾತ್ರ ನಿಲ್ಲಲಿಲ್ಲ. ಅದನ್ನು ಇಳಿಸಲು ಹೊರಟಾಗ ನಿದ್ದೆ ಹೋಯಿತು. ಇಲ್ಲಿ ಬರೆಯುವುದು ಅಷ್ಟನ್ನೇ, ಪ್ಯಾನಿಕ್ ಕಥೆ ಬೇರೆ.

ಇದನ್ನು ಓದಿ ನಾಳೆಯಿಂದಲೇ ಮಾತ್ರೆ ನಿಲ್ಲಿಸಿಬಿಡುತ್ತೇನೆ ಅನ್ನುವವರು ದಯವಿಟ್ಟು ಬೇಡ. ಕ್ಲೋನಜೆಪಾಮ್, ಅಲ್ಪ್ರಜೋಲಮ್, ಲೊರಜೆಪಾಮ್, ಡಯಾಜೆಪಾಮ್ ಎಲ್ಲಾ ಗಾಬರಿ ತಗ್ಗಿಸುವ, ನಿದ್ದೆ ತರಿಸುವ ಒಂದೇ ಗುಂಪಿನವು. ಬಹಳ ದಿನ ತೆಗೆದುಕೊಂಡು ತಟ್ಟನೆ ಬಿಟ್ಟರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ನಮ್ಮ ಮಿದುಳಿನಲ್ಲಿ ಗಾಬಾ ಅನ್ನುವ ರಾಸಾಯನಿಕ ಬ್ರೇಕ್ ಇದ್ದ ಹಾಗೆ ಕೆಲಸ ಮಾಡುತ್ತದೆ, ಈ ಮಾತ್ರೆ ಆ ಬ್ರೇಕನ್ನು ಇನ್ನಷ್ಟು ಒತ್ತುತ್ತದೆ. ತಿಂಗಳುಗಟ್ಟಲೆ ಹೀಗೇ ನಡೆದರೆ ಮಿದುಳು ತನ್ನ ಕಡೆಯಿಂದ ಒತ್ತುವುದನ್ನು ಕಡಿಮೆ ಮಾಡಿಕೊಳ್ಳುತ್ತದೆ. ಮಾತ್ರೆ ತೆಗೆದಾಗ ಅದು ಹಳೆಯ ಸ್ಥಿತಿಗೆ ಬರಲು ಟೈಮ್ ಬೇಕು. ಆ ನಡುವಿನ ಟೈಮೇ ನಿದ್ದೆ ಇಲ್ಲದ ಟೈಮು. ಇದನ್ನು ಡಾಕ್ಟರು ಬಿಡಿಸಿ ಹೇಳಿದ ಮೇಲೆ ನನಗೆ ಅರ್ಧ ಭಯ ಹೋಯಿತು. ಹಳೆಯ ಕಾಯಿಲೆ ತಿರುಗಿ ಬಂತಾ ಅನ್ನುವ ಗುಮಾನಿಯೇ ಎಲ್ಲಕ್ಕಿಂತ ಜಾಸ್ತಿ ಕಾಡುತ್ತಿತ್ತು.

ಇಳಿಸುವ ಲೆಕ್ಕ ಹೀಗಿತ್ತು. ಆಗ ತೆಗೆದುಕೊಳ್ಳುತ್ತಿರುವ ಡೋಸಿನಲ್ಲಿ ಶೇ 10ರ ಆಸುಪಾಸು ಕಡಿಮೆ ಮಾಡಬೇಕು, ಕೆಲವು ವಾರ ಅಲ್ಲೇ ನಿಲ್ಲಬೇಕು, ನಿದ್ದೆ ಸ್ವಲ್ಪ ಹತೋಟಿಗೆ ಬಂದ ಮೇಲೆ ಮುಂದಿನದ್ದು. 1ರಿಂದ 0.875ಕ್ಕೆ ಇಳಿದಾಗ ಅಷ್ಟೇನೂ ಆಗಲಿಲ್ಲ. ಆದರೆ 0.25ರಿಂದ ಒಂದೇ ಸಲ 0.125ಕ್ಕೆ ಇಳಿದರೆ, ಇಳಿಸಿದ್ದು ಅಷ್ಟೇ ಆದರೂ ಅರ್ಧಕ್ಕೆ ಅರ್ಧ ಹೋದಂತೆ, ಅಲ್ವಾ? ಅದಕ್ಕೇ ಕೆಳಗೆ ಬಂದಷ್ಟೂ ಕಷ್ಟ ಹೆಚ್ಚು. ಕೊನೆಗೆ 0.25ರ ಮಾತ್ರೆಯನ್ನೇ ನಾಲ್ಕು ಚೂರು ಮಾಡಬೇಕಾಯಿತು. ಜೀನ್ಸ್ ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ ಒಂದೇ ಗೆರೆಗೆ ಕತ್ತರಿಸುವ ಕೈ ನನ್ನದು, ಆದರೂ ಈ ಮಾತ್ರೆ ಮುಂದೆ ಸೋತೆ. ಬಾಯಲ್ಲಿ ಕರಗುವ ಜಾತಿಯದ್ದು ಬ್ಲೇಡ್ ತಾಗಿದ ಕೂಡಲೇ ಪುಡಿ. ಡಾಕ್ಟರನ್ನು ಕೇಳಿ ಸಾದಾ ಮಾತ್ರೆ ಬರೆಸಿಕೊಂಡೆ, ಮೆಡಿಕಲ್ ಶಾಪಿನಲ್ಲಿ ಮಾತ್ರೆ ಕತ್ತರಿಸುವ ಪ್ಲಾಸ್ಟಿಕ್ ಡಬ್ಬಿ ಸಿಗುತ್ತದೆ, ಅದನ್ನು ತಂದೆ. ಒಂದು ವಾರದ್ದನ್ನು ಭಾನುವಾರ ಕತ್ತರಿಸಿ ಇಟ್ಟುಬಿಡುತ್ತಿದ್ದೆ. ಚೂರು ಸ್ವಲ್ಪ ಹೆಚ್ಚುಕಡಿಮೆ ಆದರೂ ತೊಂದರೆ ಇಲ್ಲ ಅಂದರು, ಯಾಕೆಂದರೆ ಕ್ಲೋನಜೆಪಾಮ್ ಅರ್ಧದಷ್ಟು ಮೈಯಿಂದ ಇಳಿಯಲು ಸುಮಾರು 30–40 ಗಂಟೆ ಬೇಕು.

ಇದೇ ಕಾರಣಕ್ಕೆ ಇನ್ನೊಂದು ಮೋಸ ಇದೆ. ಡೋಸ್ ಇಳಿಸಿದ ಮೊದಲ ಎರಡು ರಾತ್ರಿ ಚೆನ್ನಾಗಿಯೇ ನಿದ್ದೆ ಬರುತ್ತದೆ. ಆಮೇಲೆ ಶುರು. ಹನ್ನೊಂದಕ್ಕೆ ಮಲಗಿದರೆ ಕಣ್ಣು ಹತ್ತುವ ಹೊತ್ತಿಗೆ ಕಾಲು ಝಾಡಿಸಿದಂತಾಗಿ ಎಚ್ಚರ. ಫ್ಯಾನಿನ ಸದ್ದು, ಪಕ್ಕದ ಮನೆಯ ನೀರಿನ ಮೋಟಾರು, ದೂರದ ರೈಲು, ಎಲ್ಲಾ ತಲೆಯೊಳಗೇ ಓಡಿದ ಹಾಗೆ. ಬೆಳಗಿನ ಜಾವ ಮೂರಕ್ಕೆ ಎದೆ ಬಡಿದುಕೊಂಡು ಎದ್ದರೆ ಮುಗಿಯಿತು, ಆಮೇಲೆ ಹೊರಳಾಡುವುದೇ.

ಡಾಕ್ಟರು ಮೇಡಂ ರಾತ್ರಿಯ ವಿಷಯ ಬಿಟ್ಟು ಬೆಳಗಿನ ವಿಷಯ ಹಿಡಿದರು. ಎಷ್ಟೇ ಕೆಟ್ಟ ರಾತ್ರಿಯಾಗಲಿ ಬೆಳಿಗ್ಗೆ 5:30ಕ್ಕೆ ಏಳಲೇಬೇಕು. ಭಾನುವಾರವೂ ಅಷ್ಟೆ. ರಾತ್ರಿ 12ಕ್ಕೆ ಮುಂಚೆ ಹಾಸಿಗೆಗೆ ಹೋಗಬಾರದು. ನಿದ್ದೆ ಇಲ್ಲದವನಿಗೆ ಇನ್ನೂ ಕಡಿಮೆ ಮಲಗು ಅನ್ನುತ್ತಾರಲ್ಲ ಅಂತ ನನಗೆ ಸಿಟ್ಟೇ ಬಂದಿತ್ತು. ಆದರೆ ಹಾಸಿಗೆಯಲ್ಲಿ ಎಚ್ಚರವಾಗಿ ಬಿದ್ದಿರುವ ಹೊತ್ತು ಕಡಿಮೆಯಾದರೆ ನಿದ್ದೆಯ ಒತ್ತಡ ಕೂಡಿ ಬರುತ್ತದೆ, ಹಾಸಿಗೆ ಕಂಡರೆ ಭಯವಾಗುವುದೂ ನಿಲ್ಲುತ್ತದೆ. ಇದು ಸಿಬಿಟಿ-ಐ ಅನ್ನುವ, ನಿದ್ದೆಯ ಅಭ್ಯಾಸ ಮತ್ತು ಯೋಚನೆ ತಿದ್ದುವ ಚಿಕಿತ್ಸೆಯ ಒಂದು ಭಾಗವಂತೆ. ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಆ ಚಿಕಿತ್ಸೆಯನ್ನೇ ಕೊಡಿ ಅಂತ 2016ರಲ್ಲೇ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಅನ್ನುವ ಡಾಕ್ಟರುಗಳ ಸಂಘ ಹೇಳಿದೆ. ಹಾಗಂತ ಐದೂವರೆ ಗಂಟೆಗಿಂತ ಕಡಿಮೆ ಮಾಡಬೇಡ, ಮಾತ್ರೆ ಇಳಿಸುವಾಗ ಅದು ಫಿಟ್ಸಿಗೆ ದಾರಿ ಅಂತ ಖಡಕ್ಕಾಗಿ ಹೇಳಿದ್ದರು. ಫಿಟ್ಸ್ ಇರುವವರು, ಬೈಪೋಲಾರ್ ಇರುವವರು ಇದನ್ನು ತಾವಾಗಿಯೇ ಮಾಡಲೇಬಾರದು.

ಎದ್ದ ಮೇಲೆ ಸೀದಾ ಕೋಟೆ ಗುಡ್ಡದ ಕಡೆ ನಡೆಯುತ್ತಿದ್ದೆ. ವ್ಯಾಯಾಮ ಅಂತಲ್ಲ, ಕಣ್ಣಿಗೆ ಬೆಳಗಿನ ಬೆಳಕು ಬೀಳಲಿ ಅಂತ. ಮೈಯೊಳಗಿನ ಗಡಿಯಾರ ಸರಿಹೋಗುವುದು ಅದರಿಂದಲೇ. ಬರುವಾಗ ಉಗ್ಗಾಣಿ ಮಿರ್ಚಿ, ಒಂದು ಚಹಾ. ಆ ಚಹಾ ಒಂದೇ. ಯೂನಿಟ್ಟಿನಲ್ಲಿ ಗಂಟೆಗೊಂದು ಸಲ ಚಹಾ ಹುಡುಗ ಬರುತ್ತಾನೆ, ಮಧ್ಯಾಹ್ನದ ಮೇಲೆ ಅವನನ್ನು ಕಂಡರೂ ಕಾಣದ ಹಾಗೆ ಕೂರುವುದು ನನಗೆ ಮಾತ್ರೆ ಬಿಡುವುದಕ್ಕಿಂತ ಕಷ್ಟವಾಯಿತು.

ರಾತ್ರಿ ಎಚ್ಚರವಾಗಿ ಸುಮಾರು ಇಪ್ಪತ್ತು ನಿಮಿಷ ಆಯಿತು ಅನ್ನಿಸಿದರೆ ಎದ್ದು ಬೇರೆ ಕಡೆ ಹೋಗಬೇಕು. ನಾನು ಮಾಳಿಗೆಗೆ ಹೋಗುತ್ತಿದ್ದೆ. ಅಲ್ಲಿ ಒಂದು ಚಾಪೆ, ಅವ್ವ ಹೊಲಿದ ಹಳೆಯ ಕೌದಿ. ಮೊಬೈಲ್ ಕೆಳಗೇ. ಕೈಗೆ ಏನಾದರೂ ಕೆಲಸ ಇದ್ದರೆ ತಲೆ ಸುಮ್ಮನಿರುತ್ತದೆ ಅಂತ ಯೂನಿಟ್ಟಿನಿಂದ ತಂದ ತುಂಡು ಬಟ್ಟೆಗಳ ದಾರ ಬಿಚ್ಚುತ್ತಾ ಕೂರುತ್ತಿದ್ದೆ. ಆಕಳಿಕೆ ಬಂದರೆ ಕೆಳಗೆ. ಬರಲಿಲ್ಲವಾ, ಅಲ್ಲೇ. ಕೋಣೆಯ ಗಡಿಯಾರ ಮಾತ್ರ ತೆಗೆದಿಟ್ಟೆ, ಗಂಟೆ ನೋಡಿದರೆ ಲೆಕ್ಕ ಶುರುವಾಗುತ್ತದೆ, ಲೆಕ್ಕ ಶುರುವಾದರೆ ನಿದ್ದೆ ಕನಸಿನ ಮಾತು.

ಒಂದು ದಿನ ಬೆಳಿಗ್ಗೆ, ರಾತ್ರಿಯಿಡೀ ಒಂದು ನಿಮಿಷವೂ ಕಣ್ಣು ಮುಚ್ಚಿಲ್ಲ ಅಂತ ಮನೆಯಲ್ಲಿ ಗೋಳಾಡಿದೆ. ನನ್ನ ಹೆಂಡತಿ ರೊಟ್ಟಿ ತಟ್ಟುತ್ತಾ ಹಿಂದೆ ತಿರುಗದೇ ಹೇಳಿದಳು: “ಎರಡು ಗಂಟೆಗೆ ನಾನು ನೀರು ಕುಡಿಯೋಕೆ ಎದ್ದಾಗ ಗೊರಕೆ ಹೊಡೀತಿದ್ರಿ. ಯಾರದ್ದು ಅದು ಮತ್ತೆ?” ನಾನು ನಂಬಲಿಲ್ಲ. ಮುಂದಿನ ಸಲ ಮೇಡಂ ಹತ್ತಿರ ಹೇಳಿದರೆ ಅವರು ನಕ್ಕರು. ನಿದ್ದೆ ತೆಳುವಾಗಿದ್ದಾಗ ಮಲಗಿದ್ದೂ ಎಚ್ಚರವಿದ್ದಂತೆಯೇ ನೆನಪಿರುತ್ತದಂತೆ. ಆಮೇಲಿಂದ ನೋಟ್‌ಬುಕ್ಕಿನಲ್ಲಿ ಎರಡು ಕಾಲಮ್ಮು ಮಾಡಿದೆ, ಒಂದು ನನ್ನ ಅಂದಾಜು, ಒಂದು ಅವಳದ್ದು. ಎರಡೂ ತಾಳೆಯಾದ ದಿನ ಕಡಿಮೆ.

ಬಳ್ಳಾರಿಯಲ್ಲಿ ಇರುವುದೇ ಎರಡು ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಅಂತ ನಾವೇ ತಮಾಷೆ ಮಾಡಿಕೊಳ್ಳುತ್ತೇವೆ. ನಿದ್ದೆ ಬರಬೇಕಾದರೆ ಮೈಯ ಒಳಗಿನ ಶಾಖ ಸ್ವಲ್ಪ ಇಳಿಯಬೇಕು. ಹಗಲೆಲ್ಲಾ 40 ಡಿಗ್ರಿ ಕುಡಿದ ಗೋಡೆ ರಾತ್ರಿ ಅದನ್ನು ನಮ್ಮ ಮೇಲೆ ಬಿಡುವಾಗ ಎಲ್ಲಿ ಇಳಿಯುತ್ತದೆ? ಅದಕ್ಕೆ ಏಪ್ರಿಲ್, ಮೇನಲ್ಲಿ ಡೋಸ್ ಮುಟ್ಟಲೇ ಇಲ್ಲ, ಇದ್ದಲ್ಲೇ ನಿಂತೆವು. ಮಲಗುವ ಒಂದು ಗಂಟೆ ಮುಂಚೆ ಸ್ನಾನ ಮಾಡಿದ್ದು ಸ್ವಲ್ಪ ಉಪಯೋಗಕ್ಕೆ ಬಂತು.

ಕೆಲಸದ ಮಾತು. ನಮ್ಮ ಕಟಿಂಗ್ ಮಷಿನ್ನಿನ ಬ್ಲೇಡು ಬೆರಳಿಗೂ ಬಟ್ಟೆಗೂ ಭೇದ ಮಾಡುವುದಿಲ್ಲ. ಕೆಟ್ಟ ವಾರಗಳಲ್ಲಿ ಮಷಿನ್ ಬೇಡ, ಪ್ಯಾಟರ್ನ್ ಇಟ್ಟು ಗೆರೆ ಎಳೆಯುವ ಕೆಲಸ ಕೊಡಿ ಅಂತ ಮಾಲೀಕರನ್ನು ಕೇಳಿದೆ. ಕಾಯಿಲೆ ಹೆಸರು ಹೇಳಲಿಲ್ಲ, “ನಿದ್ದೆ ಸರಿ ಇಲ್ಲ ಸೇಟ್, ಕೈ ನಡುಗುತ್ತೆ” ಅಂದೆ, ಸಾಕಾಯಿತು. ಬೈಕನ್ನೂ ಮನೆಯಲ್ಲೇ ಬಿಟ್ಟೆ.

ಸಲಹೆ ಕೊಡುವವರಿಗೇನು ಕೊರತೆ ಇರಲಿಲ್ಲ. ಒಂದು ಪೆಗ್ ಹಾಕು ಅಂದರು. ಈ ಮಾತ್ರೆ ಜೊತೆ ಮದ್ಯ ಸೇರಿದರೆ ಉಸಿರೇ ನಿಲ್ಲಬಹುದು, ಮತ್ತೆ ಮದ್ಯದ ನಿದ್ದೆ ನಡುರಾತ್ರಿಗೇ ಒಡೆಯುತ್ತದೆ. ಶೀತದ ಮಾತ್ರೆ ನುಂಗು ಅಂದವರೂ ಇದ್ದಾರೆ. ಅವ್ವ ಮಾತ್ರ ಹಾಲಿಗೆ ಚಿಟಿಕೆ ಜಾಜಿಕಾಯಿ ತೇದು ಕೊಡುತ್ತಿದ್ದಳು. ಅದರಿಂದ ನಿದ್ದೆ ಬಂತೋ ಇಲ್ಲವೋ, ಕುಡಿಯುತ್ತಿದ್ದೆ. ಚಿಟಿಕೆಗಿಂತ ಜಾಸ್ತಿ ಬೇಡ, ಜಾಜಿಕಾಯಿ ಹೆಚ್ಚಾದರೆ ಅದೇ ವಿಷ.

ನನಗೆ ಒಂದು ಬೇಜಾರಿದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮನೋರೋಗಕ್ಕೆ ಚಿಕಿತ್ಸೆ ಸಿಗಬೇಕು ಅಂತ ಪ್ರಯೋಗ ಮಾಡಿದ್ದು ನಮ್ಮ ಜಿಲ್ಲೆಯಲ್ಲಿ. ಅದೇ ಬಳ್ಳಾರಿ ಮಾದರಿ. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ತಳಪಾಯ. ಮಾತ್ರೆ ಊರೂರಿಗೆ ಮುಟ್ಟಿಸುವುದನ್ನು ದೇಶಕ್ಕೇ ತೋರಿಸಿದ ಜಿಲ್ಲೆಯಲ್ಲಿ, ಮಾತ್ರೆ ಇಳಿಸುವುದು ಹೇಗೆ ಅಂತ ಕೂತು ಲೆಕ್ಕ ಹಾಕಿಕೊಡುವ ಡಾಕ್ಟರನ್ನು ಹುಡುಕಲು ನಾನು ಸಾಕಷ್ಟು ಅಲೆಯಬೇಕಾಯಿತು. ಮೊದಲು ಹೋದ ಕಡೆ “ನಿದ್ದೆ ಬರ್ತಿಲ್ವಾ, ಹಾಗಾದ್ರೆ ಮುಂದುವರಿಸಿ” ಅಂದು ಕಳಿಸಿದ್ದರು.

ರಾತ್ರಿ ತೀರಾ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು, ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಇಲ್ಲದ್ದು ಕಾಣಿಸುವುದು, ಫಿಟ್ಸ್, ಸಾಯಬೇಕು ಅನ್ನುವ ಯೋಚನೆ ಬಂದರೆ ಫೋನ್ ಹಿಡಿದು ಕೂರಬೇಡಿ, ಯಾರನ್ನಾದರೂ ಜೊತೆ ಮಾಡಿಕೊಂಡು ಆಸ್ಪತ್ರೆಗೆ ಹೋಗಿ.

ಕೊನೆಯ ಚೂರು ಬಿಟ್ಟ ಮೇಲೂ ನಿದ್ದೆ ಒಂದೇ ಸಮ ಆಗಲಿಲ್ಲ. ವಾರ ಚೆನ್ನಾಗಿರುತ್ತಿತ್ತು, ಮತ್ತೆ ಎರಡು ಮೂರು ರಾತ್ರಿ ಹಾಳು, ಮತ್ತೆ ಸರಿ. ಹಾಳಾದ ರಾತ್ರಿಗಳ ನಡುವಿನ ಅಂತರ ಹೆಚ್ಚುತ್ತಾ ಬಂತು, ನೋಟ್‌ಬುಕ್ ಇಲ್ಲದಿದ್ದರೆ ಅದು ನನಗೆ ಗೊತ್ತೇ ಆಗುತ್ತಿರಲಿಲ್ಲ. ಈಗ 11ಕ್ಕೆ ಮಲಗುತ್ತೇನೆ, ಏಳುವುದು ಅದೇ 5:30ಕ್ಕೆ. ಎಸಿಟಾಲೋಪ್ರಾಮ್ ಇನ್ನೂ ನಡೆದಿದೆ. ಅದರ ಮಾತು ಈ ಬೇಸಿಗೆ ಕಳೆಯಲಿ, ಆಮೇಲೆ ನೋಡೋಣ ಅಂದಿದ್ದಾರೆ ಮೇಡಂ.