ಓಡುವ ನಾಯಿಯ ಫೋಟೊ: ಯಾವ ಕ್ಯಾಮೆರಾ ಕೊಳ್ಳಬೇಕು, ಹೇಗೆ ತೆಗೆಯಬೇಕು

ಬೀದರಿನಲ್ಲಿ ಮದುವೆ ಫೋಟೊ ತೆಗೆಯುವುದು ನನ್ನ ಕೆಲಸ. ಸೀಸನ್ ಇಲ್ಲದಾಗ ಹೊಲದಲ್ಲಿ ಮುಧೋಳ ನಾಯಿ ಸಾಕಿದವರು ಕರೆಯುತ್ತಾರೆ. ಅಲ್ಲಿನ ಹುಡುಗರು ಕೇಳುವುದು ಒಂದೇ: "ಅಣ್ಣಾ, ಓಡೋ ನಾಯಿಗೆ ಯಾವ ಕ್ಯಾಮೆರಾ ತಗೋಬೇಕು?"

ಮೆಗಾಪಿಕ್ಸೆಲ್ ಬಿಡಿ, 20 ಇದ್ದರೆ ಸಾಕು. ಓಡುತ್ತಿರುವುದನ್ನು ಫೋಕಸ್ ಬಿಡದೆ ಹಿಡಿದಿಡುತ್ತದೆಯೇ, ಸೆಕೆಂಡಿಗೆ ಎಷ್ಟು ಫ್ರೇಮ್ (ಫೋಟೊ) ಹೊಡೆಯುತ್ತದೆ, ಇವೆರಡನ್ನು ನೋಡಿ. ಹೊಸದು ಕೊಳ್ಳುವುದಾದರೆ ಪ್ರಾಣಿಯ ಕಣ್ಣು ಗುರುತಿಸುವ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಒಳ್ಳೆಯದು. ಕ್ಯಾನನ್ ಆರ್10 ಆ ಥರದ್ದು. ದುಡ್ಡು ಕಮ್ಮಿ ಇದ್ದರೆ ಸೆಕೆಂಡ್‌ಹ್ಯಾಂಡ್‌ನಲ್ಲಿ 2014ರ ಕ್ಯಾನನ್ 7ಡಿ ಮಾರ್ಕ್ 2 ಅಥವಾ 2016ರ ನಿಕಾನ್ ಡಿ500 ಹುಡುಕಿ. ಎರಡೂ ಸೆಕೆಂಡಿಗೆ 10 ಫ್ರೇಮ್ ಹೊಡೆಯುತ್ತವೆ. ಹಳೆಯದು ಎಂದು ಮೂಗು ಮುರಿಯಬೇಡಿ.

ಹತ್ತು ಫ್ರೇಮ್ ಯಾಕೆ ಬೇಕು? ಮುಧೋಳದಂಥ ತೆಳು ಮೈಯ ನಾಯಿ ಜೋರಾಗಿ ಓಡುವಾಗ ಪ್ರತಿ ನೆಗೆತದ ಸುತ್ತಿನಲ್ಲಿ ನಾಲ್ಕೂ ಕಾಲು ಎರಡು ಸಲ ನೆಲ ಬಿಡುತ್ತವೆ. ಒಮ್ಮೆ ಕಾಲುಗಳೆಲ್ಲ ಹೊಟ್ಟೆಯ ಕೆಳಗೆ ಮಡಚಿರುತ್ತವೆ, ಇನ್ನೊಮ್ಮೆ ಮೈ ಉದ್ದಕ್ಕೆ ಚಾಚಿರುತ್ತದೆ. ಎಲ್ಲರಿಗೂ ಬೇಕಾದದ್ದು ಆ ಚಾಚಿದ ಫೋಟೊ. ಸೆಕೆಂಡಿಗೆ ನಾಲ್ಕೈದು ಫ್ರೇಮಿನ ಕ್ಯಾಮೆರಾದಲ್ಲಿ ಅದು ಸಿಕ್ಕರೆ ಅದೃಷ್ಟ ಅಷ್ಟೇ.

ಕ್ಯಾಮೆರಾ ಜೊತೆ ಬರುವ 18-55 ಮಿ.ಮೀ. ಕಿಟ್ ಲೆನ್ಸಿನಲ್ಲಿ ನಾಯಿ ಇರುವೆಯಷ್ಟು ಕಾಣುತ್ತದೆ. ದೂರದ್ದನ್ನು ಹತ್ತಿರ ತರುವ 70-200 ಲೆನ್ಸ್ ದುಬಾರಿ ಅನಿಸಿದರೆ ಕ್ಯಾನನ್‌ನವರ 55-250 ಎಸ್‌ಟಿಎಂ ಸಾಕು. ಬೆಳಕು ಚೆನ್ನಾಗಿದ್ದರೆ ಅದಕ್ಕೇನೂ ಕೊರತೆಯಿಲ್ಲ.

ಈಗ ಸೆಟ್ಟಿಂಗ್. ಗಂಟೆಗೆ 36 ಕಿ.ಮೀ. ಓಡುವ ನಾಯಿ ಸೆಕೆಂಡಿಗೆ 10 ಮೀಟರ್ ದಾಟುತ್ತದೆ. ಶಟರ್ (ಬೆಳಕು ಒಳಬಿಡುವ ಪರದೆ) ಸೆಕೆಂಡಿನ 1/500 ಹೊತ್ತು ತೆರೆದಿಟ್ಟರೆ ಅಷ್ಟರಲ್ಲೇ ಅದು 2 ಸೆಂ.ಮೀ. ಸರಿದಿರುತ್ತದೆ. ಫೋಟೊ ಕಲಸಿ ಹೋಗಲು ಅಷ್ಟು ಸಾಕು. 1/2000 ಇಟ್ಟರೆ ಅರ್ಧ ಸೆಂ.ಮೀ. ಮಾತ್ರ. ಕಾಲುಗಳು ಮೈಗಿಂತ ಜೋರಾಗಿ ಆಡುತ್ತವೆ, ಹಾಗಾಗಿ ನಾನು 1/2000ಕ್ಕಿಂತ ನಿಧಾನ ಇಡುವುದಿಲ್ಲ. ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) ಆಟೊದಲ್ಲಿರಲಿ. ಫೋಟೊದಲ್ಲಿ ಸ್ವಲ್ಪ ಗ್ರೇನ್ (ಕಾಳುಕಾಳು) ಬಂದರೆ ಬರಲಿ. ಓಡುವುದನ್ನು ಹಿಂಬಾಲಿಸುವ ಫೋಕಸ್ ಮೋಡ್ ಕ್ಯಾನನ್‌ನಲ್ಲಿ ಸರ್ವೊ, ನಿಕಾನ್, ಸೋನಿಯಲ್ಲಿ ಎಎಫ್-ಸಿ. ಮೆಕ್ಯಾನಿಕಲ್ ಶಟರ್ ಬಳಸಿ. ಎಷ್ಟೋ ಕ್ಯಾಮೆರಾಗಳಲ್ಲಿ ಎಲೆಕ್ಟ್ರಾನಿಕ್ ಶಟರ್ ಹಾಕಿದರೆ ಓಡುವ ಕಾಲು ಸೊಟ್ಟಗೆ ಬರುತ್ತದೆ.

ಅಪರ್ಚರ್ (ಲೆನ್ಸಿನ ಕಿಂಡಿ) 2.8 ಇದೆ ಅಂತ ಪೂರ್ತಿ ತೆರೆಯಬೇಡಿ, ತೆರೆದಷ್ಟೂ ಫೋಕಸ್ ಆಗುವ ಭಾಗ ತೆಳ್ಳಗಾಗುತ್ತದೆ. ಮುಧೋಳದ ಮೂತಿ ಉದ್ದ. ಮೂಗು ಶಾರ್ಪ್ ಆಗಿ ಕಣ್ಣು ಮಬ್ಬಾದರೆ ಆ ಫೋಟೊ ಸುಮ್ನೆ ದಂಡ. ಕಿಂಡಿ ಕಿರಿದು ಮಾಡಿ 5.6 ಇಡಿ.

ಜಾಗಕ್ಕೆ ತೊಗರಿ ಕಟಾವಾದ ಹೊಲ ಒಳ್ಳೆಯದು. ಆದರೆ ಕೂಳೆ ಚುಚ್ಚುತ್ತದೆ, ನಾಯಿ ಓಡುವ ದಾರಿಯನ್ನು ಮೊದಲೇ ನಡೆದು ನೋಡಿ. ಕಲಬುರಗಿ ಕಡೆಯ ಕಪ್ಪು ಮಣ್ಣಿನಲ್ಲಿ ಬಿಳಿ ನಾಯಿ ಇದ್ದರೆ ಕ್ಯಾಮೆರಾ ಮಣ್ಣು ನೋಡಿ ಬೆಳಕು ಏರಿಸುತ್ತದೆ, ನಾಯಿಯ ಮೈ ಸುಣ್ಣ ಬಳಿದಂತಾಗುತ್ತದೆ. ಎಕ್ಸ್‌ಪೋಷರ್ (ಫೋಟೊದ ಬೆಳಕಿನ ಮಟ್ಟ) ಸುಮಾರು ಮುಕ್ಕಾಲು ಸ್ಟಾಪ್, ಅಂದರೆ ಕ್ಯಾಮೆರಾದ ಅಳತೆಯಲ್ಲಿ -0.7, ಇಳಿಸಿ. ನಮ್ಮ ಬೀದರಿನ ಕೆಂಪು ಮಣ್ಣಿನಲ್ಲಿ ಈ ತಾಪತ್ರಯ ಕಮ್ಮಿ, ಧೂಳು ಜಾಸ್ತಿ. ಹೊಲದಲ್ಲಿ ಲೆನ್ಸ್ ಬದಲಿಸಲೇಬೇಡಿ.

ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ. ನಿಂತು ತೆಗೆದರೆ ಬರೀ ಬೆನ್ನು ಕಾಣುತ್ತದೆ. ಒಬ್ಬರು ದೂರದಲ್ಲಿ ನಾಯಿ ಹಿಡಿದಿರಲಿ. ಯಜಮಾನ ನಿಮ್ಮ ಹಿಂದೆ ನಿಂತು ಕಡಕ್ ರೊಟ್ಟಿ ತೋರಿಸಿ ಕೂಗಲಿ. ನಾಯಿ ನಿಮ್ಮ ಕಡೆಗೇ ನೇರ ಬರುತ್ತದೆ. ಅದು ಹೊರಟಾಗಿನಿಂದಲೇ ಫೋಕಸ್ ಹಿಡಿದಿರಿ, ಬಟನ್ ಮಾತ್ರ ಹತ್ತಿರ ಬಂದ ಮೇಲೆ ಒತ್ತಿ. ಮೊದಲೇ ಒತ್ತಿದರೆ ಬಫರ್ (ಕ್ಯಾಮೆರಾದ ತಾತ್ಕಾಲಿಕ ಮೆಮೊರಿ) ತುಂಬಿ, ಬೇಕಾದ ಹೊತ್ತಿಗೆ ಕ್ಯಾಮೆರಾ ನಿಂತುಬಿಡುತ್ತದೆ.

ಓಡಿಸಲು ಮೊಲದ ಹಿಂದೆ ಬಿಡೋಣ ಎನ್ನುವವರು ಸಿಗುತ್ತಾರೆ. ಬೇಡ ಎನ್ನಿ. 1972ರ ವನ್ಯಜೀವಿ ಕಾಯ್ದೆಯಡಿ ಮೊಲದ ಬೇಟೆ ಅಪರಾಧ.

ಬೇಸಿಗೆಯಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಳಿಗ್ಗೆ ಎಂಟರೊಳಗೆ ಮುಗಿಸಿ. ಆಮೇಲೆ ನೆಲದ ಝಳಕ್ಕೆ ಉದ್ದ ಲೆನ್ಸಿನಲ್ಲಿ ಚಿತ್ರ ಅಲುಗಾಡುತ್ತದೆ, ನಾಯಿಯ ಪಾದವೂ ಸುಡುತ್ತದೆ. ಮೂರ್ನಾಲ್ಕು ಓಟ ಆದ ಮೇಲೆ ನೀರು ಕುಡಿಸಿ, ನೆರಳಿಗೆ ಬಿಡಿ. ವಾಪಸ್ ಹೋಗುವಾಗ ಅದು ಅಡ್ಡಡ್ಡ ನಿಧಾನಕ್ಕೆ ಓಡುತ್ತಿದ್ದರೆ ಶಟರ್ 1/60ಕ್ಕೆ ಇಳಿಸಿ, ನಾಯಿಯ ಜೊತೆಗೇ ಕ್ಯಾಮೆರಾ ತಿರುಗಿಸಿ. ಹಿಂದಿನ ಗಿಡಗಂಟಿ ಗೆರೆಗೆರೆಯಾಗಿ, ನಾಯಿ ಮಾತ್ರ ಸ್ಪಷ್ಟವಾಗಿ ಬರುತ್ತದೆ. ಇದಕ್ಕೆ ಕಿಟ್ ಲೆನ್ಸೂ ನಡೆಯುತ್ತದೆ.