ಕಪ್ಪತಗುಡ್ಡದ ದಾರಿಯಲ್ಲಿ ಗಡಿಕಲ್ಲು ಹುಡುಕುವುದು: ನನ್ನ ಅನುಭವ

ಗದಗ ಜಿಲ್ಲೆಯ ಕಪ್ಪತಗುಡ್ಡ ಹತ್ತುವವರು ಔಷಧಿ ಗಿಡ, ಗಾಳಿಯಂತ್ರ ನೋಡಿ ಬರುತ್ತಾರೆ. ನನ್ನ ಕಣ್ಣು ಮಾತ್ರ ಗಡಿಕಲ್ಲಿನ ಮೇಲೆ. ಈ ಕಡೆ ಗಡಿಗಳಿಗೇನು ಕಮ್ಮಿಯಿಲ್ಲ. ಬ್ರಿಟಿಷರ ಕಾಲದಲ್ಲಿ ಗದಗ ಮುಂಬಯಿ ಪ್ರಾಂತದ್ದು, ಪಕ್ಕದ ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು. ಅದಕ್ಕೂ ಮೊದಲು ಗುಡಿಗಳಿಗೆ ಬಿಟ್ಟ ದತ್ತಿ ಹೊಲಗಳ ಎಲ್ಲೆಗಳು. 2019ರಲ್ಲಿ ಗುಡ್ಡ ವನ್ಯಜೀವಿಧಾಮವಾದ ಮೇಲೆ ಅದರದ್ದೂ ಒಂದು ಗಡಿ. ಅದಕ್ಕೇ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ನಾನು ಒಳಗೆ ಕಾಲಿಡುವುದಿಲ್ಲ.

ನಿಂತ ಕಲ್ಲು ಕಂಡರೆ ಸಾಕು, ವೀರಗಲ್ಲು ಅಂದುಬಿಡುತ್ತಾರೆ. ಕೇಳಿದರೆ ಸಿಟ್ಟು ಬರುತ್ತದೆ. ವೀರಗಲ್ಲಿನಲ್ಲಿ ಕಾದಾಟ, ಅಪ್ಸರೆಯರು, ಮೇಲೆ ಕೈಲಾಸ ಹೀಗೆ ಪಟ್ಟಿ ಪಟ್ಟಿಯಾಗಿ ಕೆತ್ತಿರುತ್ತಾರೆ. ಗಡಿಕಲ್ಲಿಗೆ ಒಂದು ಗುರುತು ಸಾಕು. ಲಿಂಗ ಇದ್ದರೆ ಶಿವನ ಗುಡಿಯ ಹೊಲ. ಕೊಡೆ ಹಿಡಿದ ವಾಮನ ಇದ್ದರೆ ವೈಷ್ಣವ ದತ್ತಿ. ಮುಕ್ಕೊಡೆ, ಅಂದರೆ ಒಂದರ ಮೇಲೊಂದು ಮೂರು ಕೊಡೆ, ಇದ್ದರೆ ಜೈನ ಬಸದಿಯದ್ದು. ಸೂರ್ಯ ಚಂದ್ರ ಇರುವವರೆಗೆ ದಾನ ನಡೆಯಲಿ ಅಂತ ಅವರಿಬ್ಬರನ್ನೂ ಮೇಲೆ ಕೂರಿಸುವುದುಂಟು.

ಗುಡ್ಡದ ಬುಡದಲ್ಲಿ ಒಂದು ಕಲ್ಲಿದೆ. ಮೊಣಕಾಲೆತ್ತರ. ಮಧ್ಯಾಹ್ನ ನೋಡಿದರೆ ಬರೀ ಬೋಳು. ಬೆಳಗಿನ ಓರೆ ಬಿಸಿಲಿನಲ್ಲಿ ನೀರು ಚಿಮುಕಿಸಿದೆ. ಲಿಂಗ ಕೂರುವ ಪಾಣಿಪೀಠ ಮೊದಲು ಎದ್ದಿತು, ಆಮೇಲೆ ಚಂದ್ರನ ಅಂಚು. ಸೂರ್ಯನಿರಬೇಕಾದ ಮೂಲೆ ಒಡೆದುಹೋಗಿದೆ. ಕೆತ್ತನೆ ಕಾಣಲಿ ಅಂತ ಸೀಮೆಸುಣ್ಣ, ವಿಭೂತಿ ತಿಕ್ಕಬೇಡಿ. ಟಾರ್ಚನ್ನು ಪಕ್ಕದಿಂದ ಹಿಡಿದರೂ ಕೆಲಸ ಆಗುತ್ತದೆ.

ಒಂದೇ ಕಲ್ಲು ಸಿಕ್ಕರೆ ಗಡಿ ಸಿಕ್ಕಂತಲ್ಲ, ಅದರ ಜೊತೆಗಾರನೂ ಸಿಗಬೇಕು. ಅಲ್ಲೇ ಕುರಿ ಮೇಯಿಸುತ್ತಿದ್ದ ಅಜ್ಜನನ್ನು ಕೇಳಿದೆ. "ಲಿಂಗಮುದ್ರಿ ಕಲ್ಲೇನ್ರಿ? ಆ ಹಳ್ಳದ ದಂಡಿಗೆ ಇನ್ನೊಂದು ಐತಿ ನೋಡ್ರಿ" ಅಂದ. ಹೋಗಿ ನೋಡಿದರೆ ಇತ್ತು, ಅದೇ ಗುರುತು. ಎರಡನ್ನೂ ಮ್ಯಾಪಿನಲ್ಲಿ ಗುರುತು ಮಾಡಿ ಗೆರೆ ಎಳೆದೆ. ಆ ಗೆರೆ ಈಗಿನ ಹೊಲದ ಬದುವಿನ ಪಕ್ಕಕ್ಕೇ ಬಂತು!

ಆದರೆ ಬದುವಿಗೆ ಒರಗಿಸಿಟ್ಟ ಕಲ್ಲನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನೇಗಿಲಿಗೆ ಅಡ್ಡ ಅಂತ ಯಾರೋ ಕಿತ್ತು ಸರಿಸಿರುತ್ತಾರೆ. ಬುಡ ಮಣ್ಣಲ್ಲಿ ಹೂತಿದ್ದರೆ ಮಾತ್ರ ಅದು ಮುಖ ಮಾಡಿದ ದಿಕ್ಕನ್ನು ಬರೆದುಕೊಳ್ಳುತ್ತೇನೆ.

ಇನ್ನು ನಿಧಿಗಳ್ಳರು. ದತ್ತಿ ಹಾಳು ಮಾಡಿದವರಿಗೆ ವಾರಣಾಸಿಯಲ್ಲಿ ಕವಿಲೆ (ಕಪಿಲೆ ಹಸು) ಕೊಂದ ಪಾಪ ಅಂತ ಶಾಸನಗಳಲ್ಲಿ ಶಾಪ ಹಾಕಿದ್ದಾರೆ. ಈ ಕಳ್ಳರಿಗೆ ಅದೆಲ್ಲ ಲೆಕ್ಕಕ್ಕಿಲ್ಲ, ಸುಮ್ನೆ ಬುಡ ಅಗೆದು ಕಲ್ಲು ಉರುಳಿಸಿ ಹೋಗುತ್ತಾರೆ. ಅದಕ್ಕೆ ಫೋಟೊ ಹಂಚುವಾಗ ನಾನು ಲೊಕೇಶನ್ ತೆಗೆದೇ ಕಳಿಸುವುದು.