ಯುದ್ಧದ ನಾಡಿನಿಂದ ಹೊರಡುವಾಗ ಸಾಲಿನಿಂದ ಹಿಂದಕ್ಕೆ ತಳ್ಳಿದರೆ ಏನು ಮಾಡಬೇಕು?

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಎಷ್ಟೋ ಮನೆಗಳ ಒಲೆ ಉರಿಯುವುದು ಗಲ್ಫಿನ ದುಡಿಮೆಯಿಂದ. ಅಲ್ಲಿ ಕ್ಷಿಪಣಿ ಬಿತ್ತು ಎಂದು ಸುದ್ದಿ ಬಂದರೆ ವಿಮಾನ ಸಿಗುತ್ತದೋ ಇಲ್ಲವೋ ಎಂದು ಎಲ್ಲರೂ ಕಂಗಾಲಾಗುತ್ತೇವೆ. ಮೈಬಣ್ಣ ನೋಡಿಯೋ ಪಾಸ್‌ಪೋರ್ಟ್ ನೋಡಿಯೋ ಮಗನನ್ನು ಸಾಲಿನಿಂದ ಹೊರಗೆ ನಿಲ್ಲಿಸಿದರೆ ಏನು ಗತಿ ಎಂದು ಮೊದಲೇ ಯೋಚಿಸಿದವರು ಕಡಿಮೆ.

2022ರ ಫೆಬ್ರುವರಿ 24ರಂದು ಉಕ್ರೇನ್ ಮೇಲೆ ರಷ್ಯಾ ದಾಳಿ ಮಾಡಿದ ನಂತರ ಹೀಗೇ ಆಯಿತು. ತಮ್ಮನ್ನು ರೈಲು ಹತ್ತಲು ಬಿಡಲಿಲ್ಲ, ಗಡಿಯಲ್ಲಿ ಬೇರೆಯೇ ನಿಲ್ಲಿಸಿದರು ಎಂದು ಭಾರತ ಮತ್ತು ಆಫ್ರಿಕಾದ ಹಲವು ವಿದ್ಯಾರ್ಥಿಗಳು ಹೇಳಿದರು. ಆಫ್ರಿಕನ್ ಒಕ್ಕೂಟ ಅದೇ ತಿಂಗಳ 28ರಂದು ಇದನ್ನು ಖಂಡಿಸಿತು.

ಮೊದಲು ಹಕ್ಕು ತಿಳಿದಿರಲಿ

ಜನಾಂಗೀಯ ತಾರತಮ್ಯದ ವಿರುದ್ಧ ವಿಶ್ವಸಂಸ್ಥೆಯಲ್ಲಿ 1965ರಲ್ಲಿ ಆದ ಒಪ್ಪಂದದ 5ನೇ ವಿಧಿ ನಮಗೆ ಮುಖ್ಯ. ಯಾವುದೇ ದೇಶದಿಂದ ಹೊರಡುವ ಹಕ್ಕಿನಲ್ಲಿ ಬಣ್ಣ, ಜನಾಂಗ, ಮೂಲ ನೋಡಿ ಭೇದ ಮಾಡಬಾರದು ಎನ್ನುತ್ತದೆ ಅದು. ಗಲ್ಫಿನ ಆರೂ ದೇಶಗಳು ಇದಕ್ಕೆ ಸೇರಿವೆ. 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯೂ ಇದೆ. ಯುದ್ಧದ ತುರ್ತಿನಲ್ಲಿ ಸರ್ಕಾರ ಕೆಲವು ಹಕ್ಕುಗಳಿಗೆ ಕತ್ತರಿ ಹಾಕಬಹುದು, ಆದರೆ ಬರೀ ಬಣ್ಣ, ಭಾಷೆ, ಧರ್ಮ ನೋಡಿ ಹಾಕುವಂತಿಲ್ಲ ಎಂದು ಅದರ 4ನೇ ವಿಧಿ ಹೇಳುತ್ತದೆ. ಗಲ್ಫಿನಲ್ಲಿ ಸೌದಿ, ಯುಎಇ ಮತ್ತು ಒಮಾನ್ ಈ ಎರಡನೆಯದಕ್ಕೆ ಸೇರಿಲ್ಲ. ಹಾಗಾಗಿ ಅಲ್ಲಿರುವವರು ಮೊದಲನೆಯದನ್ನೇ ಎತ್ತಿ ಹೇಳಬೇಕು.

ಎಲ್ಲ ವ್ಯತ್ಯಾಸವೂ ತಾರತಮ್ಯವಲ್ಲ. ಗರ್ಭಿಣಿಯರು, ಮಕ್ಕಳು, ಗಾಯಗೊಂಡವರು ಮೊದಲು ಹೋಗುವುದು ನ್ಯಾಯವೇ. ಒಂದು ದೇಶ ತನ್ನ ವಿಮಾನದಲ್ಲಿ ತನ್ನವರನ್ನು ಮೊದಲು ಕೂರಿಸುವುದೂ ತಪ್ಪಲ್ಲ. ಜಾಗವಿದ್ದರೆ ಬೇರೆಯವರನ್ನೂ ಕರೆತರಬಹುದು: 2015ರಲ್ಲಿ ಯೆಮನ್‌ನಿಂದ ಭಾರತ ತನ್ನ 4,640ಕ್ಕೂ ಹೆಚ್ಚು ಜನರ ಜತೆ 41 ದೇಶಗಳ 960 ಮಂದಿಯನ್ನೂ ಹೊರತಂದಿತು. ಆದರೆ ಎಲ್ಲರಿಗೂ ಎಂದು ಬಿಟ್ಟ ರೈಲಿನಲ್ಲಿ, ಎಲ್ಲರಿಗೂ ತೆರೆದ ಗಡಿಯಲ್ಲಿ ಮೈಬಣ್ಣ ನೋಡಿ ತಡೆದರೆ ಅದು ತಪ್ಪೇ.

ಈಗಲೇ ಮಾಡಬೇಕಾದ್ದು

ಪಾಸ್‌ಪೋರ್ಟ್ ಕಫೀಲನ (ವೀಸಾ ಕೊಡಿಸಿದ ಮಾಲೀಕನ) ಬಳಿ ಇದ್ದರೆ ಇಂದೇ ಕೇಳಿ, ಬರವಣಿಗೆಯಲ್ಲೇ ಕೇಳಿ. 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಅದು ಭಾರತ ಸರ್ಕಾರದ ಸೊತ್ತು, ಕಂಪನಿಯದ್ದಲ್ಲ. ಕಳೆದುಹೋಗಿದ್ದರೆ ಊರಿಗೆ ಮರಳಲು ಮಾತ್ರ ನಡೆಯುವ ಎಮರ್ಜೆನ್ಸಿ ಸರ್ಟಿಫಿಕೇಟನ್ನು ರಾಯಭಾರ ಕಚೇರಿ ಕೊಡುತ್ತದೆ. ಪಾಸ್‌ಪೋರ್ಟ್, ಇಕಾಮಾ (ಅಲ್ಲಿನ ವಾಸದ ಪರವಾನಗಿ), ಕೆಲಸದ ಕರಾರು ಇವುಗಳ ಫೋಟೊ ಊರಿನಲ್ಲಿ ಒಬ್ಬರ ಫೋನಿನಲ್ಲಿ ಇರಲಿ. ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿ. ಕಾಸರಗೋಡಿನವರು ಕೇರಳದ ನಿವಾಸಿಗಳಾದ್ದರಿಂದ ಹೊರನಾಡಿನ ಕೇರಳೀಯರಿಗಾಗಿ ಅಲ್ಲಿನ ಸರ್ಕಾರ ನಡೆಸುವ ನೋರ್ಕಾದ ಕಾರ್ಡನ್ನೂ ಮಾಡಿಸಿಕೊಳ್ಳಿ.

ತಡೆದ ಹೊತ್ತಿನಲ್ಲಿ

ಜಗಳ ಬೇಡ. ಕಾರಣ ಏನೆಂದು ಕೇಳಿ. ಸೈನಿಕರ, ಚೆಕ್‌ಪೋಸ್ಟಿನ ವಿಡಿಯೊ ಮಾಡಲೇಬೇಡಿ. ಯುದ್ಧದ ಹೊತ್ತಿನಲ್ಲಿ ಗೂಢಚಾರ ಎಂದು ಹಿಡಿದರೆ ಬಿಡಿಸುವುದು ಬಹಳ ಕಷ್ಟ. ಅಲ್ಲಿಂದ ಸರಿದ ಮೇಲೆ ಜಾಗ, ಸಮಯ, ಅಧಿಕಾರಿಯ ಬ್ಯಾಡ್ಜ್ ನಂಬರ್, ಯಾರನ್ನು ಬಿಟ್ಟರು, ಯಾರನ್ನು ತಡೆದರು, ಏನು ಹೇಳಿ ತಡೆದರು ಎಂದು ಮನೆಯವರಿಗೆ ವಾಟ್ಸಾಪ್ ಮೆಸೇಜ್ ಕಳಿಸಿ. ಕನ್ನಡದಲ್ಲೋ ತುಳುವಿನಲ್ಲೋ ಬ್ಯಾರಿಯಲ್ಲೋ, ನಡೆದದ್ದು ಬಂದರೆ ಸಾಕು. ಮೆಸೇಜಿನ ಮೇಲೆ ತಾರೀಕು, ಗಂಟೆ ತಾನಾಗಿಯೇ ಇರುತ್ತದೆ. ಸಂಜೆಯ ನೆನಪಿಗಿಂತ ಅದಕ್ಕೆ ತೂಕ ಜಾಸ್ತಿ. ಜತೆಯಲ್ಲಿದ್ದ ಇಬ್ಬರು ಸಾಕ್ಷಿಗಳ ನಂಬರೂ ಇರಲಿ.

ಮನೆಯವರ ಕೆಲಸ

ಮನೆಯಲ್ಲಿರುವವರು ಸುಮ್ನೆ ಕಾಯಬೇಕಾಗಿಲ್ಲ. ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್‌ನಲ್ಲಿ ಅವರೂ ದೂರು ಹಾಕಬಹುದು. ಕಂಪ್ಯೂಟರ್ ಬಾರದಿದ್ದರೆ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಿ. ಕಾಸರಗೋಡು ವಿದ್ಯಾನಗರದ ಕಲೆಕ್ಟರೇಟಿಗೆ (ಜಿಲ್ಲಾಧಿಕಾರಿ ಕಚೇರಿಗೆ) ಕೊಡುವ ಅರ್ಜಿ ಕನ್ನಡದಲ್ಲೇ ಇರಬಹುದು. ಕೇರಳದ 1969ರ ಆಡಳಿತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಈ ಹಕ್ಕನ್ನು ಕೊಟ್ಟಿದೆ. ‘ಮಲಯಾಳದಲ್ಲಿ ಬರೆದು ತನ್ನಿ’ ಎಂದು ಯಾರಾದರೂ ಹೇಳಿದರೆ ವಾಪಸ್ ಬರಬೇಡಿ, ಕಾಯ್ದೆಯ ಹೆಸರು ಹೇಳಿ ಸ್ವೀಕೃತಿ ಪಡೆಯಿರಿ.

ಊರು ತಲುಪಿದ ಮೇಲೆ

ಕಾಗದಗಳನ್ನು ಎಸೆಯಬೇಡಿ. 1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿದಾಗ ಬರಿಗೈಯಲ್ಲಿ ಬಂದವರಿಗೆ ಮುಂದೆ ವಿಶ್ವಸಂಸ್ಥೆಯ ಪರಿಹಾರ ಆಯೋಗದಿಂದ ಹಣ ಬಂತು. ದೇಶ ಬಿಟ್ಟದ್ದಕ್ಕೇ ಒಬ್ಬರಿಗೆ 2,500 ಡಾಲರ್, ಇಲ್ಲವೇ ಬೇರೆ ಬಗೆಯ ಪರಿಹಾರ ಕೇಳುವುದಿಲ್ಲ ಎಂದು ಒಪ್ಪಿದವರಿಗೆ 4,000 ಡಾಲರ್. ಅಲ್ಲಿದ್ದದ್ದಕ್ಕೂ ಹೊರಟದ್ದಕ್ಕೂ ಸರಳ ಪುರಾವೆ ಸಾಕಿತ್ತು. ಬೋರ್ಡಿಂಗ್ ಪಾಸ್, ಬಸ್ ಚೀಟಿ, ಬಾಕಿ ಸಂಬಳದ ಲೆಕ್ಕ ಎಲ್ಲವೂ ಒಂದೇ ಕವರಿನಲ್ಲಿರಲಿ.

ತಾರತಮ್ಯದ ದೂರನ್ನು ತಡೆದ ದೇಶದಲ್ಲೇ ಮೊದಲು ಕೊಡಬೇಕು. ಅಲ್ಲಿ ನ್ಯಾಯ ಸಿಗದಿದ್ದರೆ, 1965ರ ಒಪ್ಪಂದದ 14ನೇ ವಿಧಿ ಒಪ್ಪಿದ ದೇಶವಾದರೆ, ಆರು ತಿಂಗಳೊಳಗೆ ವಿಶ್ವಸಂಸ್ಥೆಯ ಸಮಿತಿಗೆ ಬರೆಯಬಹುದು. ಉಕ್ರೇನ್, ಪೋಲೆಂಡ್ ಒಪ್ಪಿವೆ. ಗಲ್ಫ್ ದೇಶಗಳು ಒಪ್ಪಿಲ್ಲ, ಇದು ದೊಡ್ಡ ಕೊರತೆ. ಅಲ್ಲಿಂದ ಬಂದವರು ದೂರಿನ ಪ್ರತಿಯನ್ನು ರಾಯಭಾರ ಕಚೇರಿಗೂ ನೋರ್ಕಾಕ್ಕೂ ನಿಮ್ಮ ಸಂಸದರಿಗೂ ಕಳಿಸಿ, ಮೂರೂ ಕಡೆಯಿಂದ ಸ್ವೀಕೃತಿ ತೆಗೆದುಕೊಳ್ಳಿ.